ಸ್ಕೂಟರ್ ಡಿಕ್ಕಿಯ ಖಾನೆ ಚೀಲ: ವರ್ಷ ದಾಟಿದ ಬಳಕೆಯ ನಂತರ

ಹೊಲಿಗೆ ಯಂತ್ರ ರಿಪೇರಿ ನನ್ನ ಕಸುಬು. ಅಂಗಡಿ ಇರುವುದು ಕಲಬುರಗಿಯಲ್ಲಿ, ಆದರೆ ಅರ್ಧ ಕೆಲಸ ಆಳಂದ, ಕಮಲಾಪುರ, ಶಹಾಬಾದ್ ಕಡೆಯ ಹಳ್ಳಿಗಳಲ್ಲಿ. ಮದುವೆ ಹಂಗಾಮಿನಲ್ಲಿ ರವಿಕೆ ಹೊಲಿಯುವವರ ಯಂತ್ರ ನಿಂತುಬಿಟ್ಟರೆ ಅವರ ಅಂದಿನ ದುಡಿಮೆಯೇ ಹೋಗುತ್ತದೆ. ಅಂಥವರನ್ನು ಅಂಗಳದಲ್ಲಿ ಕಾಯಿಸಿ ನಾನು ಡಿಕ್ಕಿಯೊಳಗೆ ಬಾಬಿನ್ ಕೇಸಿಗಾಗಿ ತಡಕಾಡುವುದು ನನಗೆ ಸರಿಬರುವುದಿಲ್ಲ. ಸೀಟಿನ ಕೆಳಗೆ ಕೂರುವ ಖಾನೆ ಚೀಲವನ್ನು ಆನ್‌ಲೈನ್‌ನಲ್ಲಿ ತರಿಸಿದ್ದು ಇದೇ ಕಾರಣಕ್ಕೆ. ವರ್ಷ ದಾಟಿತು, ಈಗಲೂ ಅದೇ ಬಳಕೆಯಲ್ಲಿದೆ.

ನನ್ನ ಗಾಡಿ ಟಿವಿಎಸ್ ಜುಪಿಟರ್ 125. ಪೆಟ್ರೋಲ್ ಟ್ಯಾಂಕ್ ಕಾಲಿಡುವ ಜಾಗದ ಕೆಳಗಿದ್ದು, ಅದರ ಮುಚ್ಚಳ ಮುಂದುಗಡೆ ಇದೆ. ಆದ್ದರಿಂದ ಸೀಟಿನ ಕೆಳಗೆ 33 ಲೀಟರ್ ಜಾಗ ಸಿಕ್ಕಿದೆ, ಬಂಕಿನಲ್ಲಿ ಸೀಟು ಎತ್ತುವ ಪ್ರಮೇಯವೂ ಇಲ್ಲ. ಆದರೆ ಡಿಕ್ಕಿ ದೊಡ್ಡದಾದಷ್ಟೂ ಒಳಗಿನ ಸಾಮಾನು ಉರುಳಾಡುತ್ತದೆ. ಹಳ್ಳಿ ರಸ್ತೆಯ ಎರಡು ಗುಂಡಿ ದಾಟುವಷ್ಟರಲ್ಲಿ ಪಾನಾ ಕೆಳಗೆ ಸೇರಿ, ಎಣ್ಣೆ ಬುಡ್ಡಿ ಅಡ್ಡಬಿದ್ದಿರುತ್ತದೆ. ಈ ಚೀಲದ ನಿಜವಾದ ಉಪಕಾರ ಇದನ್ನು ತಡೆಯುವುದರಲ್ಲಿದೆ.

ಅಡ್ಡಗೋಡೆಗಳನ್ನು ಕಿತ್ತು ಬೇಕಾದಲ್ಲಿ ಅಂಟಿಸಬಹುದು. ಪಾನಾ, ಸ್ಕ್ರೂಡ್ರೈವರ್‌ಗಳಿಗೆ ತಳದ ಉದ್ದ ಖಾನೆ, ಬೆಲ್ಟ್‌ಗಳಿಗೆ ಪಕ್ಕದ್ದು, ಎಣ್ಣೆ ಬುಡ್ಡಿ ನೆಟ್ಟಗೆ ನಿಲ್ಲಲು ಮೂಲೆಯ ಕಿರಿದಾದ ಖಾನೆ. ಇದರ ಜೊತೆ ಬಂದ ಚಪ್ಪಟೆ ಚೀಲ ಸೀಟಿನ ಒಳಮೈಗೆ ಅಂಟಿಕೊಳ್ಳುತ್ತದೆ. ಅದರಲ್ಲಿ ಸೂಜಿ ಪೊಟ್ಟಣಗಳನ್ನು 11, 14, 16, 18 ಎಂದು ನಂಬರಿನ ಸಾಲಿನಲ್ಲೇ ಇಟ್ಟಿದ್ದೇನೆ. ಸೀಟು ಎತ್ತಿದೊಡನೆ ಕಣ್ಣೆದುರಿಗೆ ಬರುತ್ತವೆ, ಕತ್ತಲಲ್ಲೂ ಕೈಗೆ ಸಿಗುತ್ತವೆ. ಇಷ್ಟಕ್ಕೇ ಕೊಟ್ಟ ದುಡ್ಡು ಬಂದಂತಾಯಿತು ಎನ್ನುತ್ತೇನೆ.

ಹೊಲಿಗೆಯ ವಿಷಯದಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ಒಳಗಿನ ಪಟ್ಟಿಗಳನ್ನು ಉದ್ದುದ್ದ ಟಾಕಿನಲ್ಲಿ ಒಂದೇ ಸಾಲು ಹೊಲಿದು ಬಿಟ್ಟಿದ್ದಾರೆ. ಭಾರ ಬೀಳುವ ಮೂಲೆಗಳಲ್ಲಿ ಹಿಂದೆ-ಮುಂದೆ ಹೊಡೆದು ಗಟ್ಟಿ ಮಾಡಿಲ್ಲ. ಪಾನಾ ಇಡುವ ಖಾನೆಯ ಮೂಲೆ ಮೊದಲ ಮಳೆಗಾಲಕ್ಕೂ ಮುನ್ನವೇ ಬಾಯಿ ಬಿಟ್ಟಿತು. ನೈಲಾನ್ ದಾರದಲ್ಲಿ ಎರಡು ಸಾಲು ನಾನೇ ಹೊಲಿದುಕೊಂಡೆ, ಆಮೇಲೆ ಅಲುಗಿಲ್ಲ. ಜಿಪ್ ಇನ್ನೂ ಕಳಪೆ. ಶಹಾಬಾದ್ ಕಡೆಯ ಕಲ್ಲಿನ ಪುಡಿ ಹಲ್ಲುಗಳೊಳಗೆ ಹೊಕ್ಕರೆ ರನ್ನರ್ ಹಿಡಿದುಕೊಳ್ಳುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಒರೆಸಿ, ಮೇಣದಬತ್ತಿ ಉಜ್ಜಿದರೆ ಸರಾಗವಾಗಿ ಓಡುತ್ತದೆ. ಎಣ್ಣೆ ಹಾಕಬೇಡಿ, ಧೂಳು ಇನ್ನಷ್ಟು ಮೆತ್ತಿಕೊಳ್ಳುತ್ತದೆ.

ನಮ್ಮ ಬಿಸಿಲಿನ ಬಗ್ಗೆ ಚೀಲ ಮಾರುವವರು ಚಕಾರ ಎತ್ತುವುದಿಲ್ಲ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 42 ಡಿಗ್ರಿ ದಾಟುವುದು ಮಾಮೂಲು. ಮೇಲೆ ಕಾದ ಸೀಟು, ಕೆಳಗೆ ಎಂಜಿನ್. ನಡುವೆ ಡಿಕ್ಕಿ ಒಲೆಯಂತಾಗುತ್ತದೆ. ಚೀಲದ ಬಟ್ಟೆ ಈ ಕಾವಿಗೆ ಕುಗ್ಗಿಲ್ಲ, ಆದರೆ ಸೀಟಿಗೆ ಅಂಟಿಸಿದ ಚೀಲದ ಗೋಂದು ಕರಗಿ ಜಾರಿತು. ಎರಡು ಬದಿಯ ಟೇಪ್ ಬದಲಿಸಬೇಕಾಯಿತು. ಪವರ್ ಬ್ಯಾಂಕ್, ಔಷಧಿ ಇವೆರಡನ್ನು ಯಾವ ಖಾನೆಯಲ್ಲೂ ಇಡಬೇಡಿ, ಹೆಗಲ ಚೀಲದಲ್ಲಿಟ್ಟುಕೊಳ್ಳಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿಗೆ ಏನೂ ಆಗುವುದಿಲ್ಲ. ಮೊಸರನ್ನಕ್ಕೆ ಈ ಮಾತು ಅನ್ವಯಿಸದು. ಕಮಲಾಪುರದ ಕೆಂಪು ಬಾಳೆಹಣ್ಣು ಕೊಂಡರೆ ಮುಂದಿನ ಕೊಕ್ಕೆಗೆ ತೂಗುಹಾಕಿ. ಹಾಗೆಂದು ಆ ಕೊಕ್ಕೆಗೆ ಸಿಕ್ಕಿದ್ದೆಲ್ಲ ಹೇರಬಾರದು: ಅದಕ್ಕೊಂದು ಭಾರದ ಮಿತಿ ಇದೆ, ದೊಡ್ಡ ಚೀಲ ಕಾಲಿಗೂ ಹ್ಯಾಂಡಲ್‌ಗೂ ತಾಗುತ್ತದೆ.

ಚೀಲ ಕೂತ ಮೇಲೆ ಮುಖ ಮುಚ್ಚುವ ಹೆಲ್ಮೆಟ್ ಡಿಕ್ಕಿಯಲ್ಲಿ ಹಿಡಿಯುವುದಿಲ್ಲ. ಹಿಂಬದಿ ಸವಾರರಿಗೂ 2016ರಿಂದ ಕರ್ನಾಟಕದಲ್ಲಿ ಹೆಲ್ಮೆಟ್ ಕಡ್ಡಾಯ. ಮನೆಯವರನ್ನು ಕೂರಿಸಿಕೊಂಡು ಹೋಗುವ ದಿನ ಇಡೀ ಚೀಲವನ್ನು ಹಿಡಿಕೆ ಹಿಡಿದು ಎತ್ತಿ ಅಂಗಡಿಯಲ್ಲಿಟ್ಟು ಹೋಗುತ್ತೇನೆ, ಅರೆ ನಿಮಿಷದ ಕೆಲಸ. ಗಾಡಿಯ ಆರ್‌ಸಿ, ಲೈಸೆನ್ಸ್ ಡಿಜಿಲಾಕರ್‌ನಲ್ಲಿವೆ, ಪೊಲೀಸರು ಅದನ್ನು ಒಪ್ಪುತ್ತಾರೆ. ಹಾಗಾಗಿ ಕಾಗದಪತ್ರದ ಖಾನೆ ಈಗ ಗಿರಾಕಿಗಳ ರಸೀದಿ ಪುಸ್ತಕಕ್ಕೆ ಸಂದಿದೆ.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕೊಳ್ಳುವವರು ಮೊದಲು ತಮ್ಮ ಡಿಕ್ಕಿಯ ಉದ್ದ, ಅಗಲ, ಆಳವನ್ನು ಟೇಪಿನಿಂದ ಅಳೆದುಕೊಳ್ಳಿ; ಲೀಟರ್ ಲೆಕ್ಕ ನೋಡಿ ತರಿಸಬೇಡಿ. ಚೀಲ ಕೈಗೆ ಬಂದ ದಿನವೇ ಒಳಗಿನ ಮೂಲೆಗಳನ್ನು ಪರಿಚಯದ ದರ್ಜಿಯ ಬಳಿ ಇನ್ನೊಂದು ಸಾಲು ಹೊಲಿಸಿಬಿಡಿ.