'ಎಡಕ್ಕೆ' ನುಂಗಿ 'ತಿರುಗಿ' ಎನ್ನುವ ಇಂಟರ್‌ಕಾಮ್: 19 ತಿಂಗಳ ಬಳಕೆಯ ನಂತರ

ನನ್ನದು ಲಿಫ್ಟ್ ಸರ್ವಿಸ್ ಕೆಲಸ. ಬೆಂಗಳೂರಿನಲ್ಲಿ ದಿನಕ್ಕೆ ನಾಲ್ಕೈದು ಅಪಾರ್ಟ್‌ಮೆಂಟ್ ಸುತ್ತುತ್ತೇನೆ, ಅದರಲ್ಲಿ ಎರಡಾದರೂ ಹಿಂದೆ ಕಾಲಿಡದ ವಿಳಾಸ. ಮೊದಲು ಬೈಕಿನ ಹ್ಯಾಂಡಲ್ ಮೇಲೆ ಹೋಲ್ಡರ್ ಹಾಕಿ, ಫೋನ್ ಸಿಕ್ಕಿಸಿ, ಮ್ಯಾಪ್ ನೋಡಿಕೊಂಡು ಓಡಾಡುತ್ತಿದ್ದೆ. ಎಂಟು ತಿಂಗಳಿಗೆ ಫೋನಿನ ಕ್ಯಾಮೆರಾ ಕೆಟ್ಟಿತು. ಬೈಕಿನ ನಡುಕ ಹ್ಯಾಂಡಲಿನಿಂದ ಫೋನಿಗೆ ಏರಿ, ಲೆನ್ಸನ್ನು ಅಲುಗದಂತೆ ಹಿಡಿಯುವ ಸೂಕ್ಷ್ಮ ಭಾಗವನ್ನೇ ಹಾಳು ಮಾಡುತ್ತದೆ. ಆಪಲ್ ಕಂಪನಿ 2021ರಲ್ಲೇ ತನ್ನ ಗ್ರಾಹಕರಿಗೆ ಈ ಎಚ್ಚರಿಕೆ ಕೊಟ್ಟಿತ್ತು. ಸವೆದ ಬ್ರೇಕ್ ಶೂ, ಸುಟ್ಟ ಬೋರ್ಡ್ ಇವುಗಳ ಫೋಟೊ ಕಳಿಸಿಯೇ ನಾನು ಆಫೀಸಿನಿಂದ ಪಾರ್ಟ್ಸ್ ತರಿಸಬೇಕು, ಹಾಗಾಗಿ ಕ್ಯಾಮೆರಾ ಇಲ್ಲದೆ ನಡೆಯುವುದಿಲ್ಲ. ಫೋನ್ ಜೇಬಿನಲ್ಲಿರಲಿ, ದಾರಿ ಕಿವಿಗೆ ಬರಲಿ ಎಂದುಕೊಂಡು 2023ರ ಡಿಸೆಂಬರಿನಲ್ಲಿ ಹೆಲ್ಮೆಟ್ ಇಂಟರ್‌ಕಾಮ್ ಕೊಂಡೆ, ಅಂದರೆ ಬ್ಲೂಟೂತ್‌ನಲ್ಲಿ ಫೋನಿಗೆ ಜೋಡಿಸುವ, ಹೆಲ್ಮೆಟ್ಟಿಗೆ ಕೂರಿಸುವ ಸ್ಪೀಕರ್-ಮೈಕ್ ಸೆಟ್.

ಕಾರ್ಡೊ, ಸೇನಾ ಕಂಪನಿಗಳ ಸೆಟ್ ನೋಡಿದೆ. ನಮ್ಮ ಬೆಂಗಳೂರಿನದೇ ಆದ ಬ್ಲೂಆರ್ಮರ್ ಕೂಡ ನೋಡಿದೆ. ಗುಂಪಿನಲ್ಲಿ ದೂರದ ರೈಡ್ ಹೋಗುವವರಿಗೆ ಮೆಶ್, ಅಂದರೆ ಹಲವರ ಸೆಟ್‌ಗಳನ್ನು ಒಂದೇ ಜಾಲಕ್ಕೆ ಜೋಡಿಸುವ ಸೌಲಭ್ಯ, ಬೇಕಾಗಬಹುದು. ನಾನು ಓಡಾಡುವುದು ಒಬ್ಬನೇ, ಹಬ್ಬಕ್ಕೆ ಊರಿಗೆ ಹೋಗುವಾಗ ಮಾತ್ರ ಹಿಂದೆ ಹೆಂಡತಿ. ಕೈಯಲ್ಲಿ ಎಂಟು ಸಾವಿರವಿತ್ತು. ಜೆ.ಸಿ. ರಸ್ತೆಯಲ್ಲಿ 7,500 ರೂಪಾಯಿಗೆ ಬೇರೊಂದು ಕಂಪನಿಯ ಸೆಟ್ ಸಿಕ್ಕಿತು. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಏಕೆಂದರೆ ನಾನು ಹೇಳಹೊರಟಿರುವ ದೋಷ ಯಾವ ಸೆಟ್‌ನಲ್ಲಿ ಬೇಕಾದರೂ ಇರಬಹುದು, ಕೊಳ್ಳುವ ಮುಂಚೆ ಎಲ್ಲದರಲ್ಲೂ ಪರೀಕ್ಷಿಸಬೇಕು.

ಗೂಗಲ್ ಮ್ಯಾಪ್ಸ್ 2018ರಿಂದ ಕನ್ನಡದಲ್ಲಿ ದಾರಿ ಹೇಳುತ್ತಿದೆ. ಅವತ್ತಿನಿಂದಲೂ ನನ್ನ ಫೋನಿನಲ್ಲಿ ಕನ್ನಡವೇ. ಟ್ರಾಫಿಕ್ಕಿನಲ್ಲಿ ಬೇರೆ ಭಾಷೆಯ ಮಾತನ್ನು ತಲೆಯಲ್ಲಿ ತಿರುವಿ ಹಾಕುವ ಕೆಲಸ ನನಗೆ ಬೇಡ. ಇಂಟರ್‌ಕಾಮ್ ಹಾಕಿಕೊಂಡ ಮೊದಲ ವಾರದಲ್ಲೇ ಏನೋ ಎಡವಟ್ಟಿದೆ ಅನ್ನಿಸಿತು. ತಿರುವು ಬಂದಾಗ ಕಿವಿಯಲ್ಲಿ ಕೇಳುತ್ತಿದ್ದುದು ಬರೀ 'ತಿರುಗಿ'. ಎಡಕ್ಕೋ ಬಲಕ್ಕೋ ಇಲ್ಲ.

ಬ್ಯಾಟರಿ ಉಳಿಸಲೆಂದು ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ಸೆಟ್ಟಿನೊಳಗಿನ ಆಂಪ್ಲಿಫೈಯರ್ ನಿದ್ದೆಗೆ ಜಾರುತ್ತದೆ. ಮ್ಯಾಪ್ ಮಾತಾಡಿದಾಗ ಅದು ಏಳುವಷ್ಟರಲ್ಲಿ ಮೊದಲ ಪದ ಮುಗಿದಿರುತ್ತದೆ. ಇದೇ ಸೆಟ್ ಬಳಸುವ ನನ್ನ ಸಹೋದ್ಯೋಗಿಗೆ ಈ ತೊಂದರೆ ಇಲ್ಲ, ಅವನ ಮ್ಯಾಪ್ ಇಂಗ್ಲಿಷಿನಲ್ಲಿದೆ. ಅವನ ಕಿವಿಯಲ್ಲಿ 'ಟರ್ನ್' ಹೋಗಿ 'ಲೆಫ್ಟ್' ಉಳಿಯುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಬೇಕಾದ ಪದವೇ ಹೋಗಿ, ಬೇಡದ್ದು ಉಳಿಯುತ್ತದೆ. ದೂರದಿಂದ 'ಇನ್ನೂರು ಮೀಟರ್' ಎಂದೆಲ್ಲ ಶುರುವಾಗುವ ಉದ್ದದ ಸೂಚನೆಯಲ್ಲಿ ಇನ್ನೂರು ಹೋದರೂ ನಡೆಯುತ್ತದೆ. ತಿರುವಿನ ಬಾಯಲ್ಲಿ ಬರುವ ಆ ಗಿಡ್ಡ ಸೂಚನೆಯೇ ಪ್ರಾಣ, ಅದೇ ಅರ್ಧ ಸಿಗುತ್ತಿತ್ತು.

ಒಂದು ಸಂಜೆ ಜಕ್ಕೂರಿನ ಅಪಾರ್ಟ್‌ಮೆಂಟಿನಿಂದ ಫೋನ್ ಬಂತು. ಲಿಫ್ಟ್ ಮಧ್ಯದಲ್ಲಿ ನಿಂತಿದೆ, ಒಳಗೆ ವಯಸ್ಸಾದ ಅಜ್ಜಿ ಒಬ್ಬರೇ ಇದ್ದಾರೆ ಎಂದರು. ಬಳ್ಳಾರಿ ರಸ್ತೆಯಲ್ಲಿ ಸರ್ವಿಸ್ ರಸ್ತೆಗೆ ಇಳಿಯುವ ಸಂದಿಯ ಹತ್ತಿರ ನನಗೆ ಕೇಳಿದ್ದು ಮತ್ತೆ ಬರೀ ಬಾಲ. ಅನುಮಾನಿಸಿದ ಆ ಒಂದು ಕ್ಷಣದಲ್ಲಿ ಸಂದಿ ಹಿಂದೆ ಉಳಿಯಿತು. ಆ ರಸ್ತೆಯಲ್ಲಿ ಒಂದು ಸಂದಿ ತಪ್ಪಿದರೆ ಮುಂದಿನದರವರೆಗೆ ಹೋಗಿಯೇ ತಿರುಗಬೇಕು. ತಲುಪಲು ಇಪ್ಪತ್ತು ನಿಮಿಷ ತಡವಾಯಿತು. ಅಜ್ಜಿ ಧೈರ್ಯವಾಗಿಯೇ ಇದ್ದರು, ಹೊರಬಂದು 'ನೀರು ಕುಡಿಯಪ್ಪ' ಎಂದು ನನಗೇ ಹೇಳಿದರು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಕಂಪನಿಯ ಸಹಾಯವಾಣಿಗೆ ಮೂರು ಸಲ ಕರೆ ಮಾಡಿದೆ, ಅಪ್‌ಡೇಟ್ ಹಾಕಿಕೊಳ್ಳಿ ಎಂದರು. ಹಾಕಿಕೊಂಡೆ, ಏನೂ ಬದಲಾಗಲಿಲ್ಲ. ಪೆಟ್ಟಿಗೆಯ ಮೇಲೆ ನ್ಯಾವಿಗೇಶನ್ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕುವವರು ಕನ್ನಡದಲ್ಲಿ ಒಮ್ಮೆ ದಾರಿ ಕೇಳಿ ನೋಡಿದ್ದರೆ ಸಾಕಿತ್ತು.

ಮ್ಯಾಪ್ ಸೆಟ್ಟಿಂಗ್‌ನಲ್ಲಿ ಸೂಚನೆಯನ್ನು ಫೋನ್ ಕರೆಯ ಹಾಗೆ ಕಳಿಸುವ ಆಯ್ಕೆ ಇದೆ. ಹಾಕಿ ನೋಡಿದೆ. ನನ್ನ ಸೆಟ್‌ನಲ್ಲಿ ಪ್ರತಿ ಸಲವೂ ಮೊದಲು ಕಟಕ್ ಎಂದು ಶಬ್ದ ಬಂದು, ಧ್ವನಿ ಡಬ್ಬದೊಳಗಿಂದ ಬಂದಂತೆ ಕೇಳಿತು. ಎರಡೇ ದಿನಕ್ಕೆ ತೆಗೆದುಹಾಕಿದೆ.

ದಾರಿ ಹೊಳೆದದ್ದು ರೈಲ್ವೆ ಸ್ಟೇಷನ್ನಿನಲ್ಲಿ. ಘೋಷಣೆಗೆ ಮುಂಚೆ ಅಲ್ಲಿ ಗಂಟೆ ಬಾರಿಸಿದಂಥ ಸದ್ದು ಬರುತ್ತದೆ. ಆಮೇಲೆ ಮಾತು ಬರುವಷ್ಟರಲ್ಲಿ ಜನ ಕಿವಿಗೊಟ್ಟಿರುತ್ತಾರೆ. ನನ್ನ ಇಂಟರ್‌ಕಾಮಿಗೂ ಯಾವುದಾದರೂ ಸದ್ದು ಇದ್ದುಕೊಂಡೇ ಇದ್ದರೆ ಅದು ಮಲಗುವುದಿಲ್ಲ. ಹಾಡು ಹಾಕಿಕೊಂಡು ಓಡಿಸುವುದು ನನಗೆ ಆಗದು, ಗಮನ ಅತ್ತ ಹೋಗುತ್ತದೆ. ನಮ್ಮೂರು ಕಳಸದ ಹತ್ತಿರ. ಆ ಸಲ ಊರಿಗೆ ಹೋದಾಗ ರಾತ್ರಿ ಫೋನನ್ನು ಜಗುಲಿಯ ಕಟ್ಟೆಯ ಮೇಲಿಟ್ಟು, ಒಂದು ಗಂಟೆ ಜೀರುಂಡೆಯ ಸದ್ದು ರೆಕಾರ್ಡ್ ಮಾಡಿಕೊಂಡು ಬಂದೆ.

ಅಂದಿನಿಂದ ಬೆಳಿಗ್ಗೆಯ ಕ್ರಮ ಹೀಗಿದೆ. ಏಳೂ ಮುಕ್ಕಾಲಿಗೆ ಅಡುಗೆಮನೆ ಗೂಡಿನಲ್ಲಿ ಚಾರ್ಜಿಗಿಟ್ಟ ಸೆಟ್ ತೆಗೆದು, ಹಳೆಯ ಪಂಚೆಯ ತುಂಡಿನಲ್ಲಿ ಒರೆಸಿ ಹೆಲ್ಮೆಟ್ಟಿನ ಕ್ಲಾಂಪಿಗೆ ಕೂರಿಸುತ್ತೇನೆ. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳವನ್ನು ಹೆಬ್ಬೆರಳಿನಿಂದ ಎರಡು ಸಲ ಒತ್ತುತ್ತೇನೆ. ಇಷ್ಟು ಕಾಳಜಿ ಮಾಡಿದ್ದಕ್ಕೆ ಎರಡು ಮಳೆಗಾಲ ಒಂದು ಹನಿಯೂ ಒಳಗೆ ಹೋಗಿಲ್ಲ. ಬೇಸ್‌ಮೆಂಟಿನಲ್ಲಿ ಮ್ಯಾಪ್ ಹಚ್ಚುವುದಿಲ್ಲ, ಅಲ್ಲಿಗೆ ಉಪಗ್ರಹದ ಸಂಕೇತ ಬರುವುದಿಲ್ಲ. ಹೊರಗೆ ಬಂದು ಆಕಾಶ ಕಾಣುವ ಜಾಗದಲ್ಲಿ ನಿಂತು, ನೀಲಿ ಚುಕ್ಕೆ ಸರಿಯಾಗಿ ಕೂತ ಮೇಲೆ ವಿಳಾಸ ಹಾಕಿ, ಜೀರುಂಡೆ ಹಚ್ಚಿ, ಸದ್ದನ್ನು ಎರಡೇ ಗೆರೆಗೆ ಇಳಿಸಿ ಹೊರಡುತ್ತೇನೆ.

ಬೈಕ್ ಓಡುವಾಗ ಗಾಳಿಯ ಸದ್ದಿನಲ್ಲಿ ಜೀರುಂಡೆ ಕೇಳುವುದಿಲ್ಲ. ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸಿದಾಗ ಕೇಳುತ್ತದೆ. ಸುತ್ತ ಬಸ್ಸು, ಆಟೊ, ಹಾರನ್ನು. ಕಿವಿಯಲ್ಲಿ ಸಣ್ಣಗೆ ಊರಿನ ರಾತ್ರಿ. ಇಪ್ಪತ್ತಮೂರನೇ ನಿಮಿಷದಲ್ಲಿ ಅಪ್ಪ ಎದ್ದು ಕೆಮ್ಮಿ, ನಾಯಿಯನ್ನು ಗದರಿಸುತ್ತಾರೆ. ಅದು ಯಾವ ಸಿಗ್ನಲ್ಲಿನಲ್ಲಿ ಸಿಗುತ್ತದೋ ಆ ದಿನ ಅಲ್ಲಿ ಸ್ವಲ್ಪ ಹೊತ್ತು ನಿಂತರೂ ಬೇಸರವಾಗುವುದಿಲ್ಲ. ಮತ್ತೆ ಮ್ಯಾಪ್ ಮಾತಾಡಿದಾಗ ಜೀರುಂಡೆ ತಗ್ಗುತ್ತದೆ, 'ಎಡಕ್ಕೆ ತಿರುಗಿ' ಪೂರ್ತಿ ಕೇಳುತ್ತದೆ. ಹದಿನಾಲ್ಕು ತಿಂಗಳಿನಿಂದ ಒಂದು ಪದವೂ ತಪ್ಪಿಲ್ಲ. ಬ್ಯಾಟರಿ ಮಾತ್ರ ಬೇಗ ಇಳಿಯುತ್ತದೆ. ಮೊದಲು ಎರಡು ದಿನಕ್ಕೊಮ್ಮೆ ಚಾರ್ಜ್ ಮಾಡುತ್ತಿದ್ದೆ, ಈಗ ದಿನಾ ರಾತ್ರಿ.

ಕೂರಿಸುವ ಬಗ್ಗೆ ಒಂದು ಮಾತು. ಸ್ಪೀಕರ್ ಕಿವಿಯ ತೂತಿಗೆ ನೇರವಾಗಿರಬೇಕು, ಒಂದು ಬೆರಳು ಹಿಂದೆ ಸರಿದರೂ ಅರವತ್ತರ ವೇಗದಲ್ಲಿ ಮಾತು ಗಾಳಿಗೆ ಹೋಗುತ್ತದೆ. ನನಗೆ ಮೂರು ಸಲ ವೆಲ್ಕ್ರೋ ಕಿತ್ತು ಅಂಟಿಸಬೇಕಾಯಿತು. ಅಂಗಡಿಯ ಹುಡುಗ ಒಳಗಿನ ಥರ್ಮಾಕೋಲ್ ಸ್ವಲ್ಪ ಕೆರೆದು ಜಾಗ ಮಾಡಿಕೊಡುತ್ತೇನೆ ಎಂದ. ದಯವಿಟ್ಟು ಒಪ್ಪಬೇಡಿ. ಬಿದ್ದಾಗ ಪೆಟ್ಟು ನುಂಗುವುದು ಅದೇ, ಹೆಲ್ಮೆಟ್ಟಿನ ಭಾರತೀಯ ಮಾನದಂಡವಾದ ಐಎಸ್ 4151 ಗುರುತು ಸಿಗುವುದು ಅದು ಇಡಿಯಾಗಿ ಇರುವ ಹೆಲ್ಮೆಟ್ಟಿಗೆ. ಸ್ಪೀಕರಿಗೆ ತಗ್ಗು ಬಿಟ್ಟಿರುವ ಹೆಲ್ಮೆಟ್ಟೇ ಕೊಳ್ಳಿ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ಟಾದರೆ ಗಲ್ಲದೊಳಗೆ ಅಂಟಿಸುವ ಗುಂಡಿ ಮೈಕ್ ಸಾಕು, ಕಡ್ಡಿ ಮೈಕ್ ತುಟಿಗೆ ಚುಚ್ಚುತ್ತದೆ.

ಕಳೆದ ದೀಪಾವಳಿಗೆ ಹೆಂಡತಿಯ ಹೆಲ್ಮೆಟ್ಟಿಗೂ ಒಂದು ಹಾಕಿಸಿದೆ. ಹಾಸನ, ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದವರೆಗೆ ಇಬ್ಬರೂ ಕಿರುಚದೆ ಮಾತಾಡಿಕೊಂಡು ಹೋದೆವು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಬೈಕಿನ ಮೇಲೆ ಅಷ್ಟು ಮಾತಾಡಿದ್ದು ಅದೇ ಮೊದಲು. ಮಧ್ಯೆ ನಾವಿಬ್ಬರೂ ಸುಮ್ಮನಾದಾಗ ಅವಳ ಕಿವಿಗೂ ಜೀರುಂಡೆ ಹೋಗುತ್ತಿತ್ತು. 'ರೀ, ಮಾವ ಎದ್ದರು' ಎಂದಳು.

ಐದರಲ್ಲಿ ಮೂರು ಸ್ಟಾರ್ ಕೊಡುತ್ತೇನೆ. ಮಾತಿಗೆ, ಮಳೆಗೆ, ಬೆಲೆಗೆ ನಾಲ್ಕೂವರೆ ಕೊಡಬಹುದಿತ್ತು, ಉಳಿದದ್ದನ್ನು ಆ ಅಜ್ಜಿಯ ಇಪ್ಪತ್ತು ನಿಮಿಷಕ್ಕಾಗಿ ಕಳೆದಿದ್ದೇನೆ. ಕೊಳ್ಳಲು ಹೊರಟವರು ಅಂಗಡಿಯಲ್ಲೇ ಸೆಟ್ಟನ್ನು ಫೋನಿಗೆ ಪೇರ್ ಮಾಡಿಸಿ, ಮ್ಯಾಪ್ ಭಾಷೆ ಕನ್ನಡಕ್ಕೆ ಇಟ್ಟು, ಹೆಲ್ಮೆಟ್ ಹಾಕಿಕೊಂಡು ಎರಡು ನಿಮಿಷ ಏನೂ ಮುಟ್ಟದೆ ನಿಲ್ಲಿ. ಆಮೇಲೆ ನ್ಯಾವಿಗೇಶನ್ ಸೆಟ್ಟಿಂಗ್‌ನಲ್ಲಿರುವ ಟೆಸ್ಟ್ ಸೌಂಡ್ ಒತ್ತಿ. ಮೊದಲ ಪದ ಪೂರ್ತಿ ಕೇಳಿದರೆ ಮಾತ್ರ ಜೇಬಿಗೆ ಕೈ ಹಾಕಿ.