ಕ್ರೆಟಾ: ಹಳೆಯ ಮುಖವೋ, ಹೊಸ ಮುಖವೋ?

2020ರ ಮಾರ್ಚ್‌ನಲ್ಲಿ ಬಂದ ಎರಡನೇ ತಲೆಮಾರಿನ ಹ್ಯುಂಡೈ ಕ್ರೆಟಾಗೆ 2024ರ ಜನವರಿಯಲ್ಲಿ ಫೇಸ್‌ಲಿಫ್ಟ್ ಆಯಿತು, ಅಂದರೆ ಅದೇ ಕಾರಿಗೆ ಹೊಸ ಮುಖ ಬಂತು. ಪಕ್ಕದಿಂದ ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ; ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಕೂಡ ಅದೇ 2,610 ಮಿ.ಮೀ. ಬಾಗಿಲು, ಚಾವಣಿಗಳ ಅಚ್ಚು ಬದಲಿಸುವುದು ದುಬಾರಿ; ಬಂಪರ್, ಗ್ರಿಲ್, ದೀಪ ಬದಲಿಸುವುದು ಅಗ್ಗ.

ಒಳಗೆ ಮಾತ್ರ ಕಥೆ ಬೇರೆ. ಡ್ಯಾಶ್‌ಬೋರ್ಡ್ ಹೊಸದು. ಮೇಲಿನ ಆವೃತ್ತಿಗಳಲ್ಲಿ ಒಂದಕ್ಕೊಂದು ಅಂಟಿದಂತಿರುವ 10.25 ಇಂಚಿನ ಎರಡು ಪರದೆಗಳಿವೆ, ಎದುರಿನ ವಾಹನ ಕಂಡು ತಾನೇ ಬ್ರೇಕ್ ಹಾಕುವ ಎಡಿಎಎಸ್ ಎಂಬ ಚಾಲಕ ಸಹಾಯ ವ್ಯವಸ್ಥೆ ಇದೆ. ಹಿಂದಿದ್ದ 140 ಪಿಎಸ್‌ನ (ಪಿಎಸ್ ಅಂದರೆ ಅಶ್ವಶಕ್ತಿ) 1.4 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ ಹೋಗಿ, 160 ಪಿಎಸ್‌ನ 1.5 ಟರ್ಬೊ ಬಂದಿದೆ. ಟರ್ಬೊ ಇಲ್ಲದ ಸಾಮಾನ್ಯ ಪೆಟ್ರೋಲ್, ಡೀಸೆಲ್ ಎಂಜಿನ್‌ಗಳು ಹಳೆಯವೇ.

ಹಾಗಾಗಿ ಡೀಸೆಲ್ ಬೇಕೆನ್ನುವವರು ಚೆನ್ನಾಗಿ ನೋಡಿಕೊಂಡ 2022ರ ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡರೆ ನಷ್ಟವೇನಿಲ್ಲ. ಹೆದ್ದಾರಿ ಓಡಾಟ ಜಾಸ್ತಿಯಿದ್ದರೆ ಎಡಿಎಎಸ್‌ಗಾಗಿ ಹೊಸದೇ ಸರಿ. ಹಿಂಬದಿಯ ದೀಪಗಳು? ಹಳೆಯವು ನನಗೆ ಎಂದೂ ಹಿಡಿಸಲಿಲ್ಲ.