ವಿಂಕ್‌ಹಾಯ್ಜೆನ್ ಸಂಗ್ರಹ: ಹೊಲಿಗೆಗೆ ನಂಬಿ, ಬಣ್ಣಕ್ಕೆ ನಂಬಬೇಡಿ

ಪುಟ್ಟ ಗೊಂಬೆಗಳಿಗೆ ಬಣ್ಣ ಬಳಿದು ಹದಿನೆಂಟನೇ ಶತಮಾನದ ಸೈನ್ಯ ಕಟ್ಟಿ ಮೇಜಿನ ಮೇಲೆ ಯುದ್ಧ ಆಡುವ ವಾರ್‌ಗೇಮರ್‌ಗಳಿಗೆ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಈ ಡಿಜಿಟಲ್ ಸಂಗ್ರಹ ಒಂದು ನಿಧಿ. ಡಚ್ ವೈದ್ಯ ಹೆಂಡ್ರಿಕ್ ವಿಂಕ್‌ಹಾಯ್ಜೆನ್ ಪುಸ್ತಕ, ಪತ್ರಿಕೆಗಳಿಂದ ಕತ್ತರಿಸಿ ಕೂಡಿಟ್ಟ 32,000ಕ್ಕೂ ಹೆಚ್ಚು ಸಮವಸ್ತ್ರ ಚಿತ್ರಗಳು ಇಲ್ಲಿವೆ. ದುಡ್ಡು ಕೊಡಬೇಕಿಲ್ಲ. ವರ್ಷಗಟ್ಟಲೆ ಬಳಸಿದ ಮೇಲೂ ಹೊಸ ರೆಜಿಮೆಂಟ್ ಶುರು ಮಾಡುವಾಗ ನಾನು ಮೊದಲು ತೆರೆಯುವುದು ಇದನ್ನೇ.

ಕೋಟಿನ ಕಟ್ಟು, ಟೋಪಿಯ ಆಕಾರ, ಚರ್ಮದ ಪಟ್ಟಿ ಯಾವ ಭುಜದಿಂದ ಇಳಿಯುತ್ತದೆ ಎಂಬುದಕ್ಕೆ ಇದು ಬಹಳ ಒಳ್ಳೆಯದು. ಬಣ್ಣದ ವಿಷಯದಲ್ಲಿ ಮಾತ್ರ ಹುಷಾರು. ಎಷ್ಟೋ ಹಾಳೆಗಳಿಗೆ ಮೂಲ ಯಾವುದೆಂದೇ ಗೊತ್ತಾಗುವುದಿಲ್ಲ. ಕೆಲವಕ್ಕೆ ವೈದ್ಯರೇ ಬಣ್ಣ ಹಚ್ಚಿದ್ದಾರೆ. ನೂರು ವರ್ಷ ಬಿಟ್ಟು ಬಿಡಿಸಿದ ಚಿತ್ರವೂ ಆ ಕಾಲದಲ್ಲೇ ಕಂಡು ಬಿಡಿಸಿದ್ದೂ ಅಕ್ಕಪಕ್ಕ ಕೂತಿರುತ್ತವೆ. ಹಳದಿಗಟ್ಟಿದ ಕಾಗದ ಬೇರೆ ಮೋಸ ಮಾಡುತ್ತದೆ: ಬಿಳಿ ಪಟ್ಟಿ ಕೆನೆಯ ಬಣ್ಣಕ್ಕಿದ್ದರೆ ಉಳಿದ ಬಣ್ಣಗಳನ್ನೂ ಅಷ್ಟೇ ಹಳದಿ ತಗ್ಗಿಸಿ ಓದಿಕೊಳ್ಳಿ.

ಬ್ರಿಟಿಷ್ ಕಾಲಾಳುಗಳಿಗೆ 1768ರ ರಾಯಲ್ ವಾರಂಟ್, ಅಂದರೆ ಸಮವಸ್ತ್ರದ ಬಗ್ಗೆ ರಾಜ ಹೊರಡಿಸಿದ ಆದೇಶ, ಪಕ್ಕದಲ್ಲಿರಲಿ. ಕಾಲರು, ಕಫ್, ಎದೆಪಟ್ಟಿಯ ಬಣ್ಣ, ಅಂದರೆ ಫೇಸಿಂಗ್, ರೆಜಿಮೆಂಟ್‌ವಾರು ಅದರಲ್ಲಿದೆ. 1799ರ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಆಡುವವರಿಗೆ 12ನೇ ರೆಜಿಮೆಂಟ್ ಹಳದಿ, 33ನೆಯದು ಕೆಂಪು, 74ನೆಯದು ಬಿಳಿ (74ನೆಯದನ್ನು ಕಟ್ಟಿದ್ದು 1787ರಲ್ಲಿ, ಹಾಗಾಗಿ ಅದು ವಾರಂಟ್‌ನಲ್ಲಿ ಸಿಗದು). ಆದರೆ ಎದೆ ತೆರೆದ ಕೋಟಿನ ಚಿತ್ರ ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಸರಿ. ಸೊಂಟದವರೆಗೆ ಗುಂಡಿ ಹಾಕುವ ಕೋಟು 1790ರ ದಶಕದ ಕೊನೆಗೆ ಬಂತು.

33ನೆಯದರಲ್ಲಿ ಇನ್ನೊಂದು ತೊಡಕು. ಕೆಂಪು ಕೋಟಿನ ಮೇಲೆ ಕೆಂಪು ಫೇಸಿಂಗ್ 28 ಮಿ.ಮೀ. ಗೊಂಬೆಯಲ್ಲಿ ಕಾಣುವುದೇ ಇಲ್ಲ. ಅಂಚಿಗೆ ಗಾಢ ಕಂದು ಗೆರೆ ಎಳೆದು, ಒಳಗೆ ಬಿಳಿ ಲೇಸ್ ಹಾಕಿದರೆ ಎದೆಪಟ್ಟಿ ಎದ್ದು ಬರುತ್ತದೆ. ಈ ರೆಜಿಮೆಂಟಿನ ಡ್ರಮ್ಮರ್‌ಗೆ ಕೆಂಪು ಕೋಟು ಬಳಿಯಬೇಡಿ. ಕೆಂಪು ಫೇಸಿಂಗ್ ಇದ್ದವರ ಡ್ರಮ್ಮರ್‌ಗಳಿಗೆ ವಾರಂಟ್ ಬಿಳಿ ಕೋಟು ವಿಧಿಸಿತ್ತು. ಸಾಮಾನ್ಯ ಸಿಪಾಯಿಯ ಕೋಟು ಮಂಜಿಷ್ಠದ ಮಂಕು ಕೆಂಪು, ಅಧಿಕಾರಿಯದು ಉಜ್ವಲ ಕಡುಗೆಂಪು. ಹಾಳೆಗಳಲ್ಲಿ ಇವೆರಡೂ ಹೆಚ್ಚಾಗಿ ಒಂದೇ ಕೆಂಪು, ಹಾಗಾಗಿ ಎರಡು ಬಾಟಲಿ ಬಣ್ಣ ಬೇರೆ ಇಟ್ಟುಕೊಳ್ಳಿ.

ಪ್ರಷ್ಯನ್ನರ, ಅಂದರೆ ಹಳೆಯ ಜರ್ಮನ್ ರಾಜ್ಯ ಪ್ರಷ್ಯದ ಸೈನಿಕರ, ಕೋಟಿನ ಕಡು ನೀಲಿಯನ್ನು ಹಾಳೆಯಲ್ಲಿದ್ದಂತೆಯೇ ಬಳಿದರೆ ಮೂರಡಿ ದೂರದಿಂದ ಕಪ್ಪು ಕಾಣುತ್ತದೆ. ಮೂರು ಪಾಲು ಕಡು ನೀಲಿಗೆ ಒಂದು ಪಾಲು ತಿಳಿ ನೀಲಿ ಬೆರೆಸಿ. 15 ಮಿ.ಮೀ. ಗೊಂಬೆಯಾದರೆ ತಿಳಿ ನೀಲಿಯನ್ನು ಇನ್ನೂ ಒಂದು ಪಾಲು ಹೆಚ್ಚಿಸಿ, ಗುಂಡಿಯ ಲೇಸನ್ನು ಬಿಟ್ಟುಬಿಡಿ.